ಮದ್ದಿಗೆ ಸಾಯುವ ಹುಳು

ಹುಳು ಸಾಕುವುದು ನನ್ನ ಕೆಲಸ. ಹೀಗೆಂದ ಕೂಡಲೇ ಎದುರಿಗಿದ್ದವರು ಮುಖ ಅರಳಿಸಿ, ರೇಷ್ಮೆಯಾ ಎಂದು ಕೇಳುತ್ತಾರೆ. ಮೈಸೂರಿನಲ್ಲಿ ಹುಳು ಸಾಕುತ್ತೇನೆ ಅಂದರೆ ರೇಷ್ಮೆ ಅಂತಲೇ ಜನರ ಲೆಕ್ಕ. ಅಲ್ಲ, ಜಂತುಹುಳು, ಕುರಿಯ ಹೊಟ್ಟೆಯಲ್ಲಿ ಕೂತು ರಕ್ತ ಕುಡಿಯುವಂಥದ್ದು ಅಂದಾಗ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟವರೂ ಉಂಟು. "ಸಾಯಿಸೋದು ಬಿಟ್ಟು ಸಾಕ್ತೀರಲ್ಲ!" ಎಂದು ನಗುತ್ತಾರೆ. ನಗಲಿ. ಸಾಯಿಸುವ ಮದ್ದನ್ನು ಮೊದಲು ಯಾವುದರ ಮೇಲೆ ಹಾಕಿ ನೋಡುತ್ತಾರೆ ಅಂತ ಮಾತ್ರ ಈವರೆಗೆ ಒಬ್ಬರೂ ಕೇಳಿಲ್ಲ.

ಬನ್ನಿಮಂಟಪದಲ್ಲಿರುವ ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ. ಬೆಳಿಗ್ಗೆ ಲಿಂಗಪೂಜೆ ಆಗದೆ ಅಮ್ಮ ಒಲೆ ಹಚ್ಚುವುದಿಲ್ಲ. ಆ ಮನೆಯ ಮಗಳು ಸ್ಕೂಟರಿನಲ್ಲಿ ಕೆಸರೆಗೆ ಹೋಗಿ, ಮಾಂಸದಂಗಡಿಯವರು ಬಿಸಾಡುವ ಕುರಿಯ ಜಠರವನ್ನು ಮುಚ್ಚಳದ ಡಬ್ಬಿಗೆ ತುಂಬಿಸಿಕೊಂಡು ಬರುತ್ತಾಳೆ ಎನ್ನುವುದನ್ನು ಅಮ್ಮ ನುಂಗಿಕೊಂಡಿದ್ದಾಳೆ, ಆದರೆ ಜೀರ್ಣಿಸಿಕೊಂಡಿಲ್ಲ. "ಯಾರಾದ್ರೂ ಕೇಳುದ್ರೆ ಔಷಧಿ ಕೆಲಸ ಅನ್ನು. ಹುಳ ಗಿಳ ಅಂದ್ಬುಟ್ಟೀಯಾ, ಹುಷಾರು ಕಣಮ್ಮ" ಎನ್ನುತ್ತಾಳೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎನ್ನುವವಳೂ ಅವಳೇ. ಇದನ್ನು ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ನಮ್ಮ ಲ್ಯಾಬು ಊರಿನ ಅಂಚಿನಲ್ಲಿದೆ. ಮುಂದುಗಡೆ ನಾವು ಕೂರುವ ಕೋಣೆಗಳು, ಹಿಂದುಗಡೆ ಕುರಿಗಳ ಕೊಟ್ಟಿಗೆ. ಮದ್ದು ತಯಾರಿಸುವವರು ಹೊಸ ಹೊಸ ಮದ್ದು ಕಳಿಸುತ್ತಾರೆ. ನಾವು ಬೆಳೆಸಿದ ಹುಳುಗಳ ಮೇಲೆ ಅದನ್ನು ಹಾಕಿ, ಸತ್ತವೋ ಬದುಕಿದವೋ ಎಂದು ಹೇಳುತ್ತೇವೆ. ಮಾತಿನಲ್ಲಿ ಇಷ್ಟೇ. ಆದರೆ ಈ ಹುಳುವನ್ನು ಹುಟ್ಟಿನಿಂದ ಸಾವಿನವರೆಗೆ ಗಾಜಿನೊಳಗೆ ಬೆಳೆಸಲು ಬರುವುದಿಲ್ಲ. ಅದರ ಅರ್ಧ ಬಾಳು ಕುರಿಯ ಹೊಟ್ಟೆಯಲ್ಲಿ, ಅರ್ಧ ಬಾಳು ಹೊರಗೆ. ಹೊಟ್ಟೆಯೊಳಗಿನ ಹೆಣ್ಣು ಹುಳು ಇಟ್ಟ ಮೊಟ್ಟೆ ಹಿಕ್ಕೆಯ ಜೊತೆ ಹೊರಬೀಳುತ್ತದೆ. ಆ ಹಿಕ್ಕೆಯನ್ನು ಆಯ್ದು, ಕೈಯಲ್ಲೇ ಪುಡಿ ಮಾಡಿ, ಇದ್ದಿಲ ಪುಡಿ ಬೆರೆಸಿ, ಉಪ್ಪಿಟ್ಟಿನ ಹದಕ್ಕೆ ನೀರು ಚಿಮುಕಿಸಿ, ಗಾಜಿನ ಜಾಡಿಗೆ ತುಂಬಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತೇನೆ. ನೀರು ಜಾಸ್ತಿಯಾದರೆ ಕೊಳೆಯುತ್ತದೆ, ಕಡಿಮೆಯಾದರೆ ಒಣಗುತ್ತದೆ, ಗಾಳಿ ಆಡದಿದ್ದರೆ ಬೂಷ್ಟು ಹಿಡಿಯುತ್ತದೆ. ಎಲ್ಲ ಸರಿಹೋದರೆ ವಾರದೊಳಗೆ ಮರಿಗಳು ಜಾಡಿಯ ಗೋಡೆ ಹತ್ತುತ್ತವೆ. ಬರಿಗಣ್ಣಿಗೆ ಗಾಜಿನ ಮೇಲೆ ಇಬ್ಬನಿ ಕೂತ ಹಾಗೆ ಕಾಣುತ್ತದೆ. ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದರೆ ಜಾತ್ರೆ.

ಆ ಮರಿಗಳನ್ನು ನೀರಿನಲ್ಲಿ ತೊಳೆದು ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿ ಇಟ್ಟರೆ ಕೆಲವು ತಿಂಗಳು ಸುಮ್ಮನೆ ಮಲಗಿರುತ್ತವೆ. ಅಷ್ಟರೊಳಗೆ ಇನ್ನೊಂದು ಕುರಿಗೆ ಕುಡಿಸಬೇಕು. ಕುರಿಯಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಕುರಿಗೆ ಹೀಗೆ ದಾಟಿಸುತ್ತಾ ಹೋದರೆ ವಂಶ ಉಳಿಯುತ್ತದೆ. ಮನೆಯಲ್ಲಿ ಹೆಪ್ಪಿಗೆ ಎಂದು ಒಂದು ಚಮಚ ಮೊಸರು ಎತ್ತಿಡುತ್ತೇವಲ್ಲ, ಅದೇ ಲೆಕ್ಕ. ಆದರೆ ಹೆಪ್ಪು ತೀರಿದರೆ ಪಕ್ಕದ ಮನೆಯಲ್ಲಿ ಕೇಳಬಹುದು. ಇದನ್ನು ಕೇಳಲು ನಮಗೆ ಪಕ್ಕದ ಮನೆ ಇಲ್ಲ. ದೊಡ್ಡ ಲ್ಯಾಬುಗಳಲ್ಲಿ ಮರಿಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಇಡುತ್ತಾರೆ. ನಮ್ಮಲ್ಲೂ ಅದಕ್ಕೊಂದು ಸಿಲಿಂಡರ್ ಬಂದಿತ್ತು. ಅದಕ್ಕೆ ತುಂಬಿಸುವ ಸಾರಜನಕ ಮಾತ್ರ ಬರಲಿಲ್ಲ. ಅದರ ಮೇಲೆ ಈಗ ಮನಿಪ್ಲಾಂಟ್ ಇದೆ.

ನಮ್ಮಲ್ಲಿ ಎರಡು ವಂಶಗಳಿದ್ದವು. ಬಿಳಿ ಕುರಿಯ ಹೊಟ್ಟೆಯಲ್ಲಿ ಒಂದು, ಕಂದು ಕುರಿಯ ಹೊಟ್ಟೆಯಲ್ಲಿ ಒಂದು. ಬಿಳಿ ಕುರಿಯೊಳಗಿನದು ಮದ್ದಿಗೆ ಸಾಯುವ ಹುಳು. ಲ್ಯಾಬು ಕಟ್ಟಿದ ಹಿರಿಯರು, ಹಳ್ಳಿಗಳಿಗೆ ಜಂತಿನ ಮದ್ದು ಕಾಲಿಡುವ ಮೊದಲೇ, ಯಾವುದೋ ಮಂದೆಯಿಂದ ತಂದು ಉಳಿಸಿದ್ದು. ಆಮೇಲೆ ಎಲ್ಲ ಕಡೆ ಒಂದೇ ಬಿಳಿ ಮದ್ದು, ವರ್ಷಕ್ಕೆ ಹಲವು ಸಲ, ಬೇಕಿರಲಿ ಬೇಡದಿರಲಿ. ಮೆತ್ತಗಿನ ಹುಳುಗಳು ಸತ್ತವು, ಗಟ್ಟಿಯವು ಉಳಿದು ಸಂಸಾರ ಬೆಳೆಸಿದವು. ಹಾಗಾಗಿ ಈ ಕಾಲದಲ್ಲಿ ಸಾಯದ ಹುಳು ಕಾಲಿಗೊಂದು ಕೈಗೊಂದು ಸಿಗುತ್ತದೆ, ಸಾಯುವ ಹುಳುವೇ ಅಪರೂಪ. ಅದು ಇಲ್ಲದೆ ನಮ್ಮ ಪರೀಕ್ಷೆಗೆ ಬೆಲೆಯಿಲ್ಲ. ತಕ್ಕಡಿಗೆ ಸರಿತೂಕದ ಬಟ್ಟು ಬೇಕಲ್ಲ, ಹಾಗೆ. ಒಂದೇ ಮದ್ದನ್ನು ಎರಡಕ್ಕೂ ಕೊಟ್ಟಾಗ ಮೆತ್ತಗಿನದು ಸತ್ತು ಗಟ್ಟಿಯದು ಬದುಕಿದರೆ ಮಾತ್ರ, ಮದ್ದು ಕಲಬೆರಕೆಯಲ್ಲ, ಕುಡಿಸಿದವರ ತಪ್ಪೂ ಅಲ್ಲ, ಹುಳುವೇ ಬದಲಾಗಿದೆ ಎಂದು ಎದೆ ತಟ್ಟಿ ಹೇಳಬಹುದು.

ಕುಡಿಸಿದವರ ತಪ್ಪು ಅಂದೆನಲ್ಲ, ಸಿಟ್ಟಿನ ಬೇರು ಇರುವುದು ಅಲ್ಲೇ.

ಕಂದು ಕುರಿಯೊಳಗಿನ ವಂಶ ಬಂದದ್ದು ಮಂಡಕಳ್ಳಿ ಕಡೆಯ ಒಬ್ಬ ಹೆಂಗಸಿನ ಮಂದೆಯಿಂದ. ವಿಮಾನ ನಿಲ್ದಾಣದ ಬೇಲಿಯ ಆಚೆ ಉಳಿದಿರುವ ಬಯಲಿನಲ್ಲಿ ಆಕೆ ಕುರಿ ಮೇಯಿಸುತ್ತಾಳೆ. ವಯಸ್ಸಿನಲ್ಲಿ ನನ್ನ ಅಮ್ಮನ ಓರಗೆ. ಒಂದು ದಿನ ಆಟೋದಲ್ಲಿ ಒಂದು ಕುರಿಯನ್ನು ಹೇರಿಕೊಂಡು, ನೆರೆಮನೆಯವನೊಬ್ಬನನ್ನು ಜೊತೆಗೆ ಕರೆದುಕೊಂಡು ನಮ್ಮ ಗೇಟಿಗೆ ಬಂದಳು. ಕುರಿಯ ಗದ್ದದ ಕೆಳಗೆ ನೀರು ತುಂಬಿ ಚೀಲ ಜೋತು ಬಿದ್ದಿತ್ತು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಸುಣ್ಣದ ಗೋಡೆಯ ಹಾಗೆ ಬೆಳ್ಳಗೆ. ಹುಳು ರಕ್ತ ಹೀರಿ ಮುಗಿಸಿತ್ತು.

ನಮ್ಮ ಕೊಟ್ಟಿಗೆಯ ಉಸ್ತುವಾರಿಗೆ ಒಬ್ಬ ಡಾಕ್ಟರು ಇದ್ದಾರೆ. ಊರೂರಿನಲ್ಲಿ ದನದ ಡಾಕ್ಟರಾಗಿದ್ದು, ನಿವೃತ್ತಿಯಾದ ಮೇಲೆ ನಮ್ಮಲ್ಲಿಗೆ ಬಂದವರು. ಕೆಟ್ಟವರಲ್ಲ. ಕುರಿಗಳಿಗೆ ಜ್ವರ ಬಂದರೆ ಮನೆಗೆ ಹೋಗದೆ ಕೂರುವವರು. ಆದರೆ ತಮ್ಮ ಕೈ ಒಂದನ್ನು ಬಿಟ್ಟು ಜಗತ್ತಿನಲ್ಲಿ ಯಾರ ಕೈಗೂ ಕುರಿಗೆ ಮದ್ದು ಕುಡಿಸಲು ಬರುವುದಿಲ್ಲ ಎಂದು ನಂಬಿದವರು. ಅವರು ಕುರಿಯನ್ನು ನೋಡಿದರು, ಆಕೆಯನ್ನು ನೋಡಿದರು, ಕೇಳಿದರು. "ಮದ್ದು ಯಾತ್ರಲ್ಲಿ ಕುಡಿಸ್ತೀಯಮ್ಮ?"

"ಗೊಟ್ಟದಲ್ಲಿ ಸಾಮಿ" ಎಂದಳು. ಗೊಟ್ಟ ಅಂದರೆ ಬಿದಿರಿನ ಕೊಳವೆ, ದನಕ್ಕೂ ಕುರಿಗೂ ಬಾಯಿ ಎತ್ತಿ ಮದ್ದು ಹುಯ್ಯುವುದು ಅದರಲ್ಲೇ.

"ಅಲ್ಲೇ ಇರೋದು ನೋಡಿ ತಪ್ಪು! ಅರ್ಧ ಮೂಗಿಗೆ, ಅರ್ಧ ನೆಲಕ್ಕೆ. ಆಮೇಲೆ ಮದ್ದು ಸರಿಯಿಲ್ಲ ಅನ್ನೋದು. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ."

"ಸಿರಿಂಜ್‌ನಲ್ಲೂ ಕುಡಿಸ್ದೆ ಸಾಮಿ. ನಿಮ್ಮಂಗೇ ಅಳತೆ ಮಾಡೇ ಕುಡಿಸ್ದೆ. ಆದ್ರೂ ಸಾಲಾಗಿ ಸತ್ತೋದ್ವು."

"ಹಂಗಾದ್ರೆ ನಿನ್ನ ಕೈಯೇ ಸರಿಯಿಲ್ಲ ಬುಡು" ಎಂದು ಡಾಕ್ಟರು ನಕ್ಕು ಒಳಗೆ ಹೋದರು. ತಮಾಷೆಗೆ ಅಂದಿದ್ದು. ಜೊತೆಗೆ ಬಂದಿದ್ದ ನೆರೆಮನೆಯವನೂ ನಕ್ಕ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆ ಕುರಿ ನಮ್ಮ ಗೇಟಿನಲ್ಲೇ ಸತ್ತಿತು. ಅದರ ಹಿಕ್ಕೆಯಿಂದ ನಾನು ಜಾಡಿ ಕಟ್ಟಿದೆ, ಬೆಳೆದ ಮರಿಗಳನ್ನು ಕಂದು ಕುರಿಗೆ ಕುಡಿಸಿದೆ. ಗಾಜಿನ ತಟ್ಟೆಯಲ್ಲಿ ಆ ವಂಶದ ಮೊಟ್ಟೆಗಳ ಮೇಲೆ ಬಿಳಿ ಮದ್ದು ಹಾಕಿದರೆ, ಮೊಟ್ಟೆಗಳು ಏನೂ ಆಗದ ಹಾಗೆ ಒಡೆದು ಮರಿಗಳು ಈಜಾಡಿದವು. ಬಿಳಿ ಕುರಿಯ ಮೊಟ್ಟೆಗಳು ಅದೇ ಮದ್ದಿನಲ್ಲಿ ಕಪ್ಪಗಾಗಿ ಬಿದ್ದಿದ್ದವು. ಈ ಫಲಿತಾಂಶ ಹಿಡಿದು ಓಡಾಡಿದಾಗ, ಹಳ್ಳಿಗಳಿಗೆ ಮದ್ದು ಕಳಿಸುವ ಮೇಲಿನವರು ಕಡೆಗೊಮ್ಮೆ ಒಪ್ಪಿದರು. ಗಾಜಿನ ತಟ್ಟೆ ಸಾಲದು, ಒಂದಷ್ಟು ಕುರಿಗಳಲ್ಲಿ ಎರಡೂ ವಂಶಗಳನ್ನು ಇಟ್ಟು ಮದ್ದು ಕುಡಿಸಿ ತೋರಿಸಿ, ಆಗ ಆ ಭಾಗಕ್ಕೆ ಬೇರೆ ಮದ್ದು ತರಿಸುವ ಮಾತಾಡೋಣ ಎಂದರು. ದಸರಾ ಮುಗಿದ ಮೇಲೆ ಪರೀಕ್ಷೆ ಎಂದು ನಿಗದಿಯಾಯಿತು.

ಈ ಸುದ್ದಿ ಹೇಳಲು, ಜೊತೆಗೆ ಅವಳ ಮಂದೆಯ ಹಿಕ್ಕೆ ತರಲು, ಆಯುಧಪೂಜೆಯ ಹಿಂದಿನ ದಿನ ನಾನು ಮಂಡಕಳ್ಳಿಗೆ ಹೋದೆ. ಆಕೆ ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಕಣ್ಣು ಮಂದೆಯ ಕಡೆಗೇ ಇತ್ತು. ಅವಳ ಕುರಿಗಳಿಗೆ ಆವತ್ತು ಮದ್ದು ಹುಯ್ಯುತ್ತಿದ್ದವನು ಆ ನೆರೆಮನೆಯವನು. ಆಕೆ ದೂರದಲ್ಲಿ ಕೈಕಟ್ಟಿ ನಿಂತಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ ಮೆಲ್ಲಗೆ ಹೇಳಿದಳು.

"ನನ್ ಕೈಗುಣ ಸರಿಯಿಲ್ವಂತೆ ಕಣವ್ವ. ಡಾಕ್ಟ್ರೇ ಅಂದವ್ರಂತೆ ಅಂತ ಊರೆಲ್ಲ ಆಗೋಗದೆ. ಮೊದ್ಲು ಯಾರ್ ಕುರಿ ಈಯಕ್ಕಾಗ್ದೆ ಒದ್ದಾಡುದ್ರೂ ಸರೊತ್ತಾದ್ರೂ ನನ್ನೇ ಕರೀತಿದ್ರು. ಈಗ ನಾನು ಅತ್ರಕ್ಕೋದ್ರೆ ಕುರೀನ ಅತ್ಲಾಗೆ ತಿರುಗಿಸ್ತಾರೆ."

ನಮ್ಮ ಕಡೆ ಕೈಗುಣ ಅಂದರೆ ಸಣ್ಣ ಮಾತಲ್ಲ. ಯಾರ ಕೈಯಲ್ಲಿ ಮದ್ದು ತಿಂದರೆ ವಾಸಿಯಾಗುತ್ತದೆ, ಯಾರ ಕೈ ಮುಟ್ಟಿದರೆ ಕರು ಸಲೀಸಾಗಿ ಬೀಳುತ್ತದೆ ಎನ್ನುವುದು ಒಬ್ಬರ ಹೆಸರಿಗೆ ಅಂಟಿಕೊಂಡು ಬರುವ ಮರ್ಯಾದೆ. ಒಬ್ಬ ಡಾಕ್ಟರು ನಕ್ಕು ಆಡಿದ ಒಂದು ಮಾತು ಆ ಹೆಂಗಸಿನ ಬದುಕಿನ ಮರ್ಯಾದೆಯನ್ನು ತಿಂದು ಹಾಕಿತ್ತು. ಪರೀಕ್ಷೆ ಮುಗಿಯಲಿ, ನಾನೇ ಬಂದು ಎಲ್ಲರ ಎದುರಿಗೆ ಹೇಳುತ್ತೇನೆ ಎಂದು ಮಾತು ಕೊಟ್ಟು ಹೊರಟೆ. ಬೇಲಿಯ ಆಚೆ ವಿಮಾನವೊಂದು ಇಳಿಯುತ್ತಿತ್ತು. ಕುರಿಗಳು ತಲೆ ಕೂಡ ಎತ್ತಲಿಲ್ಲ.

ನಾನು ಮಂಡಕಳ್ಳಿಯಲ್ಲಿ ಹಿಕ್ಕೆ ಆಯುತ್ತಿದ್ದ ಅದೇ ದಿನ ಲ್ಯಾಬಿನಲ್ಲಿ ಹಬ್ಬದ ಶುಚಿ ಕೆಲಸ ನಡೆದಿತ್ತು.

ಆಯುಧಪೂಜೆಯ ಬೆಳಿಗ್ಗೆ ಹೋಗಿ ನೋಡುತ್ತೇನೆ, ಇಡೀ ಲ್ಯಾಬು ಮದುವೆ ಮನೆಯಾಗಿದೆ. ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ. ತಕ್ಕಡಿಗೆ ಸೇವಂತಿಗೆ, ಬೆಚ್ಚಗಿನ ಪೆಟ್ಟಿಗೆಗೆ ಸೇವಂತಿಗೆ. ನನ್ನ ಮೈಕ್ರೋಸ್ಕೋಪಿಗೆ ಮೂರೆಳೆ ವಿಭೂತಿ, ಕಣ್ಣಿಡುವ ಗಾಜಿನ ನಟ್ಟನಡುವೆ ಕುಂಕುಮ. ಹಬ್ಬದ ದಿನ ಯಾಕೆ ಮುಖ ಗಂಟುಹಾಕುವುದೆಂದು ಕುಂಕುಮ ಒರೆಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಡಾಕ್ಟರು ರೇಷ್ಮೆ ಪಂಚೆಯಲ್ಲಿ ಬಂದು ಕೊಟ್ಟಿಗೆಗೆ ಕರೆದರು.

"ನೋಡಿ ಮೇಡಂ ನಿಮ್ಮ ಮಕ್ಕಳನ್ನ! ಹೆಂಗೆ ಮಿಂಚ್ತಾವೆ!"

ಮಿಂಚುತ್ತಿದ್ದವು, ನಿಜ. ಮೈ ತೊಳೆದು, ಗೊರಸು ಉಜ್ಜಿ, ಹಣೆಗೆ ಅರಿಶಿನ ಕುಂಕುಮ ಇಟ್ಟು, ಕೊರಳಿಗೆ ಹಾರ ಹಾಕಿದ್ದರು. ಬಿಳಿ ಕುರಿ ತನ್ನ ಹಾರವನ್ನೇ ತಿನ್ನುತ್ತಿತ್ತು.

"ಮೇಲ್ಗಡೆ ಮಾತ್ರ ಅಲ್ಲ ಕಣಮ್ಮ, ಹೊಟ್ಟೇನೂ ಕ್ಲೀನ್ ಮಾಡ್ಬುಟ್ಟೆ. ಹಬ್ಬದ ದಿನಾನಾದ್ರೂ ಹಗುರಾಗಿರ್ಲಿ ಪಾಪ."

ನನಗೆ ಮೊದಲು ಅರ್ಥವಾಗಲಿಲ್ಲ. "ಏನು ಕೊಟ್ರಿ ಸರ್?" ಎಂದೆ.

"ಅದೇ, ಬಿಳಿ ಮದ್ದು. ನಿನ್ನೆ ಎಲ್ಲಾ ಕುರಿಗೂ ನಾನೇ ತೂಕ ಮಾಡಿ ನಾನೇ ಕುಡಿಸ್ದೆ. ಒಂದು ತೊಟ್ಟು ಕೆಳಗೆ ಬಿದ್ದಿದ್ರೆ ಕೇಳಿ."

"ಸರ್, ಈ ಎರಡು ಕುರಿಗಳನ್ನ ಇಟ್ಟಿರೋದೇ ಹುಳಕ್ಕೆ!"

"ಗೊತ್ತಿಲ್ವಾ ನನಗೆ? ಫ್ರಿಜ್ಜಲ್ಲಿ ಬಾಟ್ಲಿ ಬಾಟ್ಲಿ ಮರಿ ಇಟ್ಟಿದ್ದೀರಲ್ಲ. ಹಬ್ಬ ಆದ್ಮೇಲೆ ಮತ್ತೆ ಕುಡಿಸುದ್ರಾಯ್ತು. ಅದಕ್ಯಾಕೆ ಹಿಂಗೆ ಬೆಚ್ಚಿಬೀಳ್ತೀರಾ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹಬ್ಬದ ರಜೆ ಬರುತ್ತದೆಂದು ಜಾಡಿಗಳನ್ನೆಲ್ಲ ಮುಗಿಸಿ, ಎರಡೂ ವಂಶಗಳ ಮರಿಗಳನ್ನು ನಾನು ಫ್ರಿಜ್ಜಿಗೆ ಸೇರಿಸಿದ್ದೆ. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ 'ಮುಟ್ಟಬೇಡಿ' ಎಂದು ಚೀಟಿ ಅಂಟಿಸಿದ್ದೆ. ಓಡಿಹೋಗಿ ನೋಡಿದೆ. ಚೀಟಿ ಅಲ್ಲೇ ಇತ್ತು. ಬಾಗಿಲು ತೆರೆದರೆ ಒಳಗೆ ಸಿಹಿಯ ಡಬ್ಬಿಗಳು, ಮಲ್ಲಿಗೆಯ ದಿಂಡುಗಳು, ತೆಂಗಿನಕಾಯಿ ಹೋಳು.

ಲ್ಯಾಬು ಗುಡಿಸಿ ಒರೆಸುವ ಹೆಂಗಸು ಹಿಂದಿನಿಂದ ಬಂದು ಹೇಳಿದಳು. "ಸಿಹಿ ಕೆಟ್ಟೋಗ್ತದೆ, ಫ್ರಿಜ್ ಖಾಲಿ ಮಾಡು ಅಂತ ಆಫೀಸಿಂದ ಹೇಳುದ್ರು ಮೇಡಂ. ಚೀಟಿ ತೆಗ್ದು ಬಾಗ್ಲು ಒರ್ಸಿ ಮತ್ತೆ ಹಂಗೇ ಅಂಟ್ಸಿದೀನಿ. ಆ ಬಗ್ಗಡದ ನೀರೆಲ್ಲ ಚೆಲ್ಬುಟ್ಟು ಬಾಟ್ಲಿ ತೊಳ್ದಿಟ್ಟಿದೀನಿ."

"ಅದರಲ್ಲಿ ಹುಳ ಇತ್ತು ಕಣಮ್ಮ!"

"ಹುಳ ಕುರಿ ಹೊಟ್ಟೇಲಿ ಇರ್ತದೆ ಅಂತ ನೀವೇ ಹೇಳ್ತಿದ್ರಲ್ಲ ಮೇಡಂ?"

ಹೇಳಿದ್ದು ನಾನೇ. ಅದೂ ನಿಜವೇ. ಕೊಟ್ಟಿಗೆಯವರು ಹುಳು ಫ್ರಿಜ್ಜಿನಲ್ಲಿದೆ ಎಂದು ಕುರಿಗೆ ಮದ್ದು ಕುಡಿಸಿದರು. ಲ್ಯಾಬಿನವರು ಹುಳು ಕುರಿಯಲ್ಲಿದೆ ಎಂದು ಫ್ರಿಜ್ಜು ತೊಳೆದರು. ಇಬ್ಬರ ಮಾತೂ ಸರಿ. ಒಂದು ಗೋಡೆಯ ಆಚೆ ಈಚೆ ಕೆಲಸ ಮಾಡುವವರು ಒಂದು ಮಾತು ಕೇಳಿಕೊಳ್ಳಲಿಲ್ಲ, ಅಷ್ಟೇ. ಕಿಟಕಿಯ ಕಟ್ಟೆಯ ಮೇಲೆ ನನ್ನ ಬಾಟಲಿಗಳು ಬೋರಲಾಗಿ ಸಾಲಾಗಿ ಒಣಗುತ್ತಿದ್ದವು. ಒಂದೊಂದಕ್ಕೂ ಒಂದು ವಿಭೂತಿ ಬೊಟ್ಟು. ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಶ್ರದ್ಧೆಯಿಂದ ತೊಳೆದಿದ್ದಳು. ಹುಳು ಬೆಳೆಸುವ ಲ್ಯಾಬಿನಲ್ಲಿ ಸಿಹಿ ಇಡಲು ಇನ್ನೊಂದು ಫ್ರಿಜ್ಜು ತರಿಸದವರ ಮೇಲೆ, ಮನಿಪ್ಲಾಂಟಿಗೆ ಸಿಲಿಂಡರ್ ಕೊಟ್ಟವರ ಮೇಲೆ ಬಂತು.

ಇದ್ದ ಒಂದೇ ದಾರಿ ಹಿಂದಿನ ದಿನದ ಹಿಕ್ಕೆ. ಮದ್ದು ಕುಡಿಸುವ ಮೊದಲು ಬಿಳಿ ಕುರಿ ಹಾಕಿದ್ದ ಹಿಕ್ಕೆ ಸಿಕ್ಕರೆ ಅದರಲ್ಲಿ ಮೊಟ್ಟೆಗಳು ಇರುತ್ತವೆ. ಕೊಟ್ಟಿಗೆಯ ಹಿಂದಿನ ಗುಂಡಿಗೆ ಹೋಗಿ, ಹಬ್ಬಕ್ಕೆಂದು ಅಮ್ಮ ಕೊಡಿಸಿದ್ದ ಸೀರೆಯನ್ನು ಮೇಲೆತ್ತಿ ಸಿಕ್ಕಿಸಿ ಕೈ ಹಾಕಿದೆ. ಎಲ್ಲ ಕುರಿಗಳ ಹಿಕ್ಕೆಯೂ ಒಂದರ ಮೇಲೊಂದು, ಅದರ ಮೇಲೆ ಫಿನಾಯಿಲು ನೀರು, ಅದರ ಮೇಲೆ ಬ್ಲೀಚಿಂಗ್ ಪೌಡರ್. ಅಷ್ಟು ಚೆನ್ನಾಗಿ ಆ ಗುಂಡಿಯನ್ನು ಶುಚಿ ಮಾಡಿದ್ದು ನಾನು ಅಲ್ಲಿ ಸೇರಿದಾಗಿನಿಂದ ನೋಡಿರಲಿಲ್ಲ. ಗೇಟಿನ ಹತ್ತಿರ ಬೂದುಗುಂಬಳಕಾಯಿ ಒಡೆದ ಸದ್ದು ಕೇಳಿತು, ಚಪ್ಪಾಳೆ ಕೇಳಿತು. ಯಾರೋ ಕಡ್ಲೆಪುರಿಯ ಪೊಟ್ಟಣ ತಂದು, ನನ್ನ ಕೈ ನೋಡಿ, ಗೋಡೆಯ ಮೇಲಿಟ್ಟು ಹೋದರು.

ಮನೆಯಲ್ಲಿ ಅಮ್ಮ ಸೀರೆಯ ಗತಿ ನೋಡಿ ದಂಗಾದಳು. ನಡೆದದ್ದನ್ನು ಹೇಳಿದೆ. "ಹುಳ ಸತ್ರೆ ಒಳ್ಳೇದೇ ಅಲ್ವೇ? ಅದಕ್ಕೂ ಅಳ್ತಾರಾ?" ಎಂದಳು. ಆಮೇಲೆ ತಾನಾಗಿಯೇ ಡಾಕ್ಟರ ಪರ ವಹಿಸಿದಳು. "ಅವ್ರೇನು ಬೇಕೂಂತ ಮಾಡುದ್ರಾ? ಚಿಕ್ಕಂದಿನಲ್ಲಿ ಹಬ್ಬ ಬರೋಕ್ ಮುಂಚೆ ನಿಮಗೆಲ್ಲ ಹರಳೆಣ್ಣೆ ಕುಡಿಸ್ತಿರ್ಲಿಲ್ವಾ ನಾನು, ಹಂಗೇ ಇದೂ." ಹೌದು, ಕುಡಿಸುತ್ತಿದ್ದಳು. ಮೂಗು ಹಿಡಿದು, ಬಾಯಿಗೆ ಬೆಲ್ಲದ ಚೂರಿಟ್ಟು. ಡಾಕ್ಟರ ಮನೆಯಲ್ಲೂ ಹಾಗೇ ಮಾಡಿ ಬೆಳೆಸಿರಬೇಕು, ಅವರು ಕುರಿಗಳನ್ನು ಮಕ್ಕಳಂತೆ ಕಂಡಿರಬೇಕು. ನನಗೆ ಅರ್ಥವಾಯಿತು. ಅರ್ಥವಾದರೆ ಸಿಟ್ಟು ಕಡಿಮೆಯಾಗುತ್ತದೆ ಅನ್ನುವುದು ಶುದ್ಧ ಸುಳ್ಳು. ಆ ಸಂಜೆ ಅಮ್ಮ ಗಾಡಿಗೆ ಪೂಜೆ ಮಾಡು ಅಂದಾಗ ಸ್ಕೂಟರನ್ನು ತೊಳೆಯದೆ ಹಾಗೇ ನಿಲ್ಲಿಸಿದೆ.

ಎರಡು ವಾರ ಕಾದೆ. ಬಿಳಿ ಕುರಿಯ ಹಿಕ್ಕೆಯನ್ನು ದಿನವೂ ಉಪ್ಪು ನೀರಿನಲ್ಲಿ ಕಲಸಿ, ಮೊಟ್ಟೆ ತೇಲಿ ಬಂದೀತೇ ಎಂದು ನೋಡಿದೆ. ಒಂದೂ ತೇಲಲಿಲ್ಲ. ಜಾಡಿ ಕಟ್ಟಿದೆ. ಗಾಜಿನ ಗೋಡೆಯ ಮೇಲೆ ಬರೀ ನೀರು, ಇಬ್ಬನಿ ಕೂರಲಿಲ್ಲ. ಹಿರಿಯರು ಉಳಿಸಿಕೊಟ್ಟ ವಂಶ ಹಬ್ಬದ ಸಡಗರದಲ್ಲಿ ನಿರ್ವಂಶವಾಗಿತ್ತು. ಬಿಳಿ ಕುರಿ ಮಾತ್ರ ಮೈ ತುಂಬಿಕೊಂಡು ಆರಾಮಾಗಿತ್ತು. ನನ್ನನ್ನು ಕಂಡಾಗಲೆಲ್ಲ ಬೆಲ್ಲ ಕೇಳುತ್ತಿತ್ತು, ಕೊಡದೆ ಇರುವಷ್ಟು ಕಲ್ಲಾಗಲು ನನಗೆ ಆಗಲಿಲ್ಲ.

ಕಂದು ಕುರಿಯ ಹಿಕ್ಕೆಯನ್ನು ನೋಡಿದ್ದು ಬರೀ ವಾಡಿಕೆಗೆ. ಮಸೂರದ ಕೆಳಗೆ ಮೊಟ್ಟೆಗಳು ಕಿಕ್ಕಿರಿದಿದ್ದವು. ಮದ್ದು ಕುಡಿಯುವ ಮೊದಲು ಎಷ್ಟಿದ್ದವೋ ಅಷ್ಟೇ. ಮೊದಲು ಸಮಾಧಾನವಾಯಿತು, ಇದಾದರೂ ಉಳಿಯಿತಲ್ಲ ಎಂದು. ಆಮೇಲೆ ಕುರ್ಚಿಯಿಂದ ಎದ್ದು ನಿಂತೆ. ಒಂದೇ ದಿನ, ಒಂದೇ ಬಾಟಲಿಯ ಮದ್ದು, ತೂಕ ಮಾಡಿ, ಒಂದು ತೊಟ್ಟೂ ಚೆಲ್ಲದೆ, ಒಂದೇ ಕೈ. ಮೆತ್ತಗಿನ ಹುಳು ಸತ್ತಿದೆ, ಮಂಡಕಳ್ಳಿಯ ಹುಳು ಜಗ್ಗಿಲ್ಲ. ದಸರಾ ಆದ ಮೇಲೆ ಮಾಡಬೇಕೆಂದಿದ್ದ ಪರೀಕ್ಷೆಯನ್ನು ಡಾಕ್ಟರು ತಮಗೇ ತಿಳಿಯದೆ ಹಬ್ಬದ ಹಿಂದಿನ ದಿನ ಮಾಡಿ ಮುಗಿಸಿದ್ದರು. ಅದೂ ಎಂಥ ಕೈಯಲ್ಲಿ! ತಪ್ಪೇ ಮಾಡದ ಕೈಯಲ್ಲಿ.

ನಿರ್ದೇಶಕರ ಕೋಣೆಗೆ ಹೋದೆ. ಡಾಕ್ಟರೂ ಅಲ್ಲೇ ಕೂತಿದ್ದರು. ಹೇಳಬೇಕಾದ್ದನ್ನೆಲ್ಲ ಹೇಳಿದೆ. ನಿರ್ದೇಶಕರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು.

"ಒಂದೊಂದೇ ಕುರಿ ಇಟ್ಕೊಂಡು ಮೇಲಿನವರಿಗೆ ಏನು ಹೇಳೋಕಾಗುತ್ತೆ? ಅದು ಪೂಜೆ ಕಣಮ್ಮ, ಪರೀಕ್ಷೆ ಅಲ್ಲ" ಎಂದರು.

"ಹಾಗಾದ್ರೆ ಸರಿಯಾಗಿ ಇನ್ನೊಂದ್ಸಲ ಮಾಡೋಣ ಸರ್."

"ಮಾಡೋಣ. ಮೆತ್ತಗಿನ ವಂಶ ಎಲ್ಲಿದೆ?"

ಆ ಕ್ಷಣ ನನಗೆ ಬಂದ ಸಿಟ್ಟಿಗೆ ಕನ್ನಡದಲ್ಲಿ ಪದವಿದ್ದರೂ ಇಲ್ಲಿ ಬರೆಯುವ ಹಾಗಿಲ್ಲ. ಅವರ ಮಾತು ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು, ಅದಕ್ಕೇ ಹೆಚ್ಚು ಉರಿಯಿತು. ಬಟ್ಟನ್ನು ಬಾವಿಗೆ ಎಸೆದವರೇ ಬಟ್ಟಿಲ್ಲದೆ ತೂಗಬಾರದು ಎನ್ನುತ್ತಿದ್ದರು. ನಾನು ಡಾಕ್ಟರ ಕಡೆ ತಿರುಗಿದೆ. "ಸರ್, ನೀವು ಕುಡಿಸಿದ್ದು ಸರಿಯಾಗೇ ಇತ್ತಾ?"

"ಅದ್ಯಾಕೆ ಹಂಗ್ ಕೇಳ್ತೀರಾ? ನನ್ನ ಕೈ ತಪ್ಪುತ್ತಾ?" ಎಂದರು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಏನೋ ಹೊಳೆದ ಹಾಗಾಗಿ, ಎತ್ತಿದ್ದ ಕೈಯನ್ನು ಕೆಳಗಿಳಿಸಿದರು. ಕುಣಿಯಲಾರದವಳ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳದೆ ಬಾಗಿಲು ಮಾತ್ರ ಜೋರಾಗಿ ಹಾಕಿಕೊಂಡು ಬಂದೆ.

ಬೇರೆ ಊರಿನ ಲ್ಯಾಬುಗಳಲ್ಲಿ ಕೇಳಿದೆ. ಜೀವಂತ ಹುಳು ಕಳಿಸಲು ಅನುಮತಿ ಬೇಕು, ಕಾಯಿರಿ ಎಂದಿದ್ದಾರೆ, ಕಾಯುತ್ತಿದ್ದೇನೆ. ಕೆಸರೆಯ ಅಂಗಡಿಗಳಿಂದ ತಂದ ಜಠರಗಳಲ್ಲೆಲ್ಲ ಹುಡುಕಿದೆ. ಸಿಕ್ಕ ಹುಳುಗಳೆಲ್ಲ ಬಿಳಿ ಮದ್ದಿನಲ್ಲಿ ಈಜು ಕಲಿತವೇ. ಹಳ್ಳಿಗಳಿಗೆ ಮಾತ್ರ ಅದೇ ಮದ್ದು, ಅದೇ ಬಾಟಲಿ ಹೋಗುತ್ತಲೇ ಇದೆ.

ಕೊನೆಗೆ ಮಂಡಕಳ್ಳಿಗೆ ಹೋದೆ. ಆಕೆ ಬಯಲಿನಲ್ಲಿ ಕೋಲು ಊರಿಕೊಂಡು ಕೂತಿದ್ದಳು. ಮಂದೆ ಇನ್ನಷ್ಟು ಸಣ್ಣದಾಗಿತ್ತು. ಪರೀಕ್ಷೆ ಸದ್ಯಕ್ಕೆ ಇಲ್ಲ ಎಂದೆ. ಮದ್ದನ್ನೇ ಕಾಣದ ಕುರಿ ಈ ಕಡೆ ಎಲ್ಲಾದರೂ ಇದೆಯಾ ಎಂದು ಕೇಳಿದೆ.

"ಮದ್ದು ಕಾಣದ್ ಕುರಿ ಈಗ ಎಲ್ಲೈತವ್ವ?" ಎಂದಳು.

ಆಮೇಲೆ ನಡೆದದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಕುರಿಗೆ ಹಾರ ಹಾಕಿದ್ದು ಕೇಳಿ ನಕ್ಕಳು. ಮದ್ದು ಕುಡಿಸಿದ್ದು ಕೇಳಿ ನಗು ನಿಲ್ಲಿಸಿದಳು.

"ನಮ್ ಹುಳ ಇದ್ದ ಕುರಿಗೂ ಕುಡಿಸುದ್ರಾ?"

"ಕುಡಿಸಿದರು."

"ಯಾರು? ಅವ್ರೇನಾ? ಆ ಡಾಕ್ಟ್ರೇನಾ?"

"ಅವರೇ. ತೂಕ ಮಾಡಿ."

"ಒಂದು ತೊಟ್ಟೂ ಚೆಲ್ನಿಲ್ವಾ?"

"ಇಲ್ಲ."

"ಆದ್ರೂ ಹುಳ ಸಾಯ್ನಿಲ್ವಾ?"

"ಸಾಯಲಿಲ್ಲ ಅಮ್ಮ. ಇವತ್ತಿಗೂ ಹಾಗೇ ಇವೆ."

ಆಕೆ ಕೋಲನ್ನು ಕೆಳಗಿಟ್ಟಳು. ಬಲಗೈಯನ್ನು ಮಡಿಲಿನಲ್ಲಿ ಬಿಡಿಸಿಟ್ಟುಕೊಂಡು ಒಂದಷ್ಟು ಹೊತ್ತು ಅದನ್ನೇ ನೋಡಿದಳು. "ಎಲ್ರೂ ಅಂದ್ರು ಅಂತ ನಾನೂ ಇದ್ನ ಬೋದ್ಬುಟ್ಟೆ ಕಣವ್ವ" ಎಂದಳು. "ನನ್ ಕೈಲಿ ಉಟ್ಟಿದ್ ಮರಿಗೇ ಮದ್ದುಯ್ಯಕ್ಕೆ ಇನ್ನೊಬ್ಬರ ಕೈ ಕಾಲಿಡೀತಿದ್ದೆ."

ನನಗೆ ಅಳು ಬರಲಿಲ್ಲ. ಆ ಡಾಕ್ಟರನ್ನೂ ನಿರ್ದೇಶಕರನ್ನೂ ಅಲ್ಲಿಗೆ ಎಳೆದುಕೊಂಡು ಬಂದು ಆ ಕೈಯ ಮುಂದೆ ಕೂರಿಸಬೇಕು ಅನ್ನಿಸಿತು.

ಆಕೆ ಸೊಂಟಕ್ಕೆ ಕೈಕೊಟ್ಟು ಎದ್ದಳು. "ಬಾ, ಇದ್ನ ಅಲ್ಲಿ ಬಂದು ಯೋಳು" ಎಂದು ಮುಂದೆ ನಡೆದಳು. ಕುರಿಗಳನ್ನು ಹೊಡೆದುಕೊಂಡು ಬಂದವರು ಊರ ಮುಂದಿನ ನೀರಿನ ತೊಟ್ಟಿಯ ಹತ್ತಿರ ಸೇರಿದ್ದರು. ಲ್ಯಾಬಿನ ಗೇಟಿನಲ್ಲಿ ನಕ್ಕಿದ್ದ ನೆರೆಮನೆಯವನೂ ಇದ್ದ. ಪೂಜೆಯೋ ಪರೀಕ್ಷೆಯೋ ಎಂದು ಯೋಚಿಸದೆ, ಮಾತು ಕೊಟ್ಟ ಹಾಗೆ, ಎಲ್ಲರ ಎದುರಿಗೂ ಹೇಳಿದೆ. ಡಾಕ್ಟರೇ ತಮ್ಮ ಕೈಯಿಂದ, ಅಳತೆಗೆ ಸರಿಯಾಗಿ ಕುಡಿಸಿದರೂ ಈ ಮಂದೆಯ ಹುಳು ಸತ್ತಿಲ್ಲ ಎಂದೆ.

ನೆರೆಮನೆಯವನು ಹಲ್ಲು ಕಿರಿದ. "ಅಂಗಾದ್ರೆ ಡಾಕ್ಟ್ರು ಕೈಗುಣಾನೂ ಸರಿಯಿಲ್ಲ ಅನ್ನಿ!"

ತೊಟ್ಟಿಯ ಸುತ್ತ ಇದ್ದವರು ನಕ್ಕರು. ಆಕೆ ನಗಲಿಲ್ಲ. ಕೋಲನ್ನು ನೆಲಕ್ಕೆ ಕುಟ್ಟಿ, ತೊಟ್ಟಿಯಲ್ಲಿ ನೀರು ಕುಡಿಯುತ್ತಿದ್ದ ಕುರಿಗಳು ಬೆದರಿ ಹಿಂದೆ ಸರಿಯುವ ಹಾಗೆ ಕೂಗಿದಳು. "ಕೈ ಅಲ್ಲ ಕಣ್ಲಾ, ಮದ್ದು!"

ಅವನಿಗೆ ಕೇಳಿಸಲಿಲ್ಲವೇನೋ ಎಂದು ನಾನೂ ಇನ್ನೊಮ್ಮೆ, ಅವಳಿಗಿಂತ ಜೋರಾಗಿ ಹೇಳಿದೆ.